ಒಂದು ದಿನವೂ ತಪ್ಪಿಸದ ಮಾತ್ರೆ

ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕಾಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಅಂಗಿಗಳಿಗೆ ಕಾಲರ್ ಕೂರಿಸಿದ ಕೈ. ಚಿಕ್ಕಂದಿನಿಂದ ಅವಳಿಗೆ ಫಿಟ್ಸ್ ಇತ್ತು. ಬಸುರಿಯಾದಾಗ ಡಾಕ್ಟರು, "ಏನೇ ಆಗಲಿ, ಮಾತ್ರೆ ಮಾತ್ರ ನಿಲ್ಲಿಸಬೇಡ" ಎಂದಿದ್ದರು. ಅವಳು ನಿಲ್ಲಿಸಲಿಲ್ಲ. ವಾಂತಿಯಾದ ದಿನ ಇನ್ನೊಂದು ನುಂಗುತ್ತಿದ್ದಳು.

ಹುಟ್ಟಿದ ಮಗಳಿಗೆ ಮೂರು ತುಂಬಿದರೂ ಮಾತು ಬರಲಿಲ್ಲ. ಶಾಲೆಗೆ ಹಾಕಿದರೆ ನಿನ್ನೆ ಕಲಿತದ್ದು ಇವತ್ತಿಗೆ ಇಲ್ಲ. ಏಳರ ಮಗ್ಗಿ ವರ್ಷವಾದರೂ ತಲೆಗೆ ಹತ್ತಲಿಲ್ಲ. "ಬೇಕಂತಲೇ ಮಾಡ್ತೀಯೇನೇ ದಡ್ಡಿ?" ಎಂದು ಕಾಲರ್ ಅಕ್ಕ ಬಟ್ಟೆ ಅಳೆಯುವ ಮರದ ಸ್ಕೇಲಿನಿಂದ ಬಾರಿಸುತ್ತಿದ್ದಳು. ಗಂಡ, "ಎಲ್ಲ ನಿಮ್ಮ ಕಡೆಯ ರಕ್ತ" ಎಂದು ಕೈತೊಳೆದುಕೊಂಡ. ಎಂಟನೇ ಕ್ಲಾಸಿಗೆ ಓದು ನಿಂತು, ಮಗಳು ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವ ಕೆಲಸ ಹಿಡಿದಳು. ಒಂದು ಕೆಲಸ ಹೇಳಿದರೆ ಅಚ್ಚುಕಟ್ಟು. ಮೂರು ಒಟ್ಟಿಗೆ ಹೇಳಿದರೆ ಕಕ್ಕಾಬಿಕ್ಕಿ.

ಮಗಳಿಗೆ ಇಪ್ಪತ್ತಾರಾದ ವರ್ಷ, ಅಂದಿನಿಂದ ಅದೇ ಮಾತ್ರೆ ಬರೆದುಕೊಡುತ್ತಿದ್ದ ಹಳೇ ಡಾಕ್ಟರು ನಿವೃತ್ತರಾದರು. ಹೊಸದಾಗಿ ಬಂದ ಡಾಕ್ಟರಮ್ಮ ಫೈಲು ತಿರುವಿಹಾಕಿ, "ಬಸುರಿಯಾಗಿದ್ದಾಗಲೂ ಇದೇ ಮಾತ್ರೆನಾ?" ಎಂದರು.

"ಹೌದಮ್ಮ. ಒಂದು ದಿನಾನೂ ತಪ್ಪಿಸಿಲ್ಲ," ಎಂದಳು ಕಾಲರ್ ಅಕ್ಕ, ಹೆಮ್ಮೆಯಿಂದಲೇ.

ಡಾಕ್ಟರಮ್ಮ ಪಕ್ಕದಲ್ಲಿದ್ದ ಮಗಳತ್ತ ನೋಡಿದರು. ಮಾತು ಯಾವಾಗ ಬಂತು, ಓದು ಹೇಗಿತ್ತು ಎಂದೆಲ್ಲ ವಿಚಾರಿಸಿ ಮೆಲ್ಲಗೆ ಹೇಳಿದರು: "ಈ ಮಾತ್ರೆ ಹೊಟ್ಟೇಲಿರೋ ಮಗುವಿನ ಮಿದುಳಿಗೆ ಪೆಟ್ಟು ಕೊಡಬಹುದು. ಇವರಿಗೆ ಅದರಿಂದಲೇ ಹೀಗಾಯ್ತು ಅಂತ ಖಡಾಖಂಡಿತ ಹೇಳಕ್ಕಾಗಲ್ಲ. ಲಕ್ಷಣ ಎಲ್ಲ ಹಾಗೇ ಇದೆ. ಹಾಗಂತ ನೀವಾಗಿ ನೀವೇ ಮಾತ್ರೆ ಬಿಟ್ಟುಬಿಡಬೇಡಿ."

ಬಸ್‌ಸ್ಟಾಪಿನಲ್ಲಿ ಮಗಳು ಕೇಳಿದಳು: "ಹಾಗಾದ್ರೆ ನಾನು ದಡ್ಡಿ ಅಲ್ವಾ ಅಮ್ಮ?"

"ಅಲ್ಲ ಕಣೇ."

"ಮತ್ತೆ ಯಾಕೆ ಹೊಡೀತಿದ್ದೆ?"



ಮರುದಿನ ಅವಳು ರಜೆ ಹಾಕಿ ಹಳೇ ಡಾಕ್ಟರ ಮನೆಗೆ ಹೋದಳು. ಅವರು ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಅವಳು ಡಾಕ್ಟರಮ್ಮ ಹೇಳಿದ್ದನ್ನು ತಿಳಿಸಿದಳು. "ಆಗ ನಮಗೇ ಎಲ್ಲಿ ಗೊತ್ತಿತ್ತಮ್ಮ?" ಎಂದರು. "ಮಾತ್ರೆ ಬಿಟ್ಟು ಫಿಟ್ಸ್ ಬಂದಿದ್ರೆ ಇಬ್ಬರೂ ಉಳೀತಿರಲಿಲ್ಲ."

"ಸರಿ ಸಾರ್. ಗೊತ್ತಾದ ಮೇಲೆ? ತಿಂಗಳು ತಿಂಗಳು ಚೀಟಿ ಬರೆದ್ರಲ್ಲ, ಒಂದು ಮಾತು ಹೇಳಬಾರದಿತ್ತಾ? ಅವಳ ಬೆನ್ನಿಗೆ ನಾಲ್ಕು ಏಟಾದ್ರೂ ಕಮ್ಮಿ ಬೀಳ್ತಿತ್ತು."

"ಹೇಳಿ ಏನು ಪ್ರಯೋಜನ? ನೀನು ಸುಮ್ನೆ ಕೊರಗ್ತಿದ್ದೆ," ಎಂದು ಡಾಕ್ಟರು ಮುಂದಿನ ಕುಂಡಕ್ಕೆ ನೀರು ಹಾಕಿದರು.

ಆ ತಿಂಗಳೇ ಮಗಳು ಲಾಂಡ್ರಿಯ ಗೆಳತಿಯರ ರೂಮಿಗೆ ಹೋಗಿ ಸೇರಿದಳು. ಗಂಟು ಕಟ್ಟುತ್ತಿದ್ದವಳ ಕೈ ಹಿಡಿದು ಕಾಲರ್ ಅಕ್ಕ, "ತಪ್ಪಾಯ್ತು ಕಣೇ, ಮರೆತುಬಿಡು" ಎಂದಳು.

"ಎಲ್ಲಾನೂ ಮರೀತೀನಿ ಅಮ್ಮ," ಎಂದಳು ಮಗಳು. "ಅದೊಂದು ಮರೆಯಕ್ಕೆ ಆಗ್ತಿಲ್ಲ."

ಈಗ ವಾರಕ್ಕೊಮ್ಮೆ ಬರುತ್ತಾಳೆ. ಊಟ ಮಾಡಿ, ತಟ್ಟೆ ತೊಳೆದಿಟ್ಟು ಹೊರಡುತ್ತಾಳೆ. ಇರು ಎಂದರೆ ಇರುವುದಿಲ್ಲ.