ಒಂದು ಉತಾರಿ, ಎರಡು ಡಬ್ಬಿ

ಹೊಲದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತವನನ್ನು ಎಮ್ಮೆ ಕೂಡ ಮೇವು ಬಿಟ್ಟು ನೋಡುತ್ತದೆ. ಏಳು ವರ್ಷದಿಂದ ಎಮ್ಮೆಗಳು ನನ್ನನ್ನು ನೋಡುತ್ತಲೇ ಇವೆ. ವಿಜಯಪುರದ ಜಲನಗರದ ಮನೆಯಿಂದ ಬೆಳಿಗ್ಗೆ ಬೈಕು ಹತ್ತಿದರೆ ತೊರವಿ ದಾಟಿ ತಿಕೋಟಾ, ಮರುದಿನ ಬಬಲೇಶ್ವರ, ಸಾರವಾಡ. ದ್ರಾಕ್ಷಿ ಪಡಗಳಿಗೆ, ಅಂದರೆ ತೋಟಗಳಿಗೆ, ನೀರಿನ ಡಬ್ಬಿ ಕೂಡಿಸುವುದು ನನ್ನ ಕೆಲಸ. ರೈತ ಇದ್ದಲ್ಲಿಂದಲೇ ಫೋನಿನಲ್ಲಿ ಒತ್ತಿದರೆ ಹೊಲದ ಡಬ್ಬಿ ವಾಲ್ವ್ ತೆರೆಯುತ್ತದೆ. ಕೇಳಲಿಕ್ಕೆ ಸುಲಭ. ಜೀವ ಹಿಂಡುವುದು ಅದರ ಸರ್ಟಿಫಿಕೇಟು.

ಸರ್ಟಿಫಿಕೇಟೆಂದರೆ ಡಬ್ಬಿಯ ಗುರುತಿನ ಚೀಟಿ. ನೀನು ಯಾವ ಹೊಲದ ಡಬ್ಬಿ ಎಂದು ಕಂಪನಿಯ ಸರ್ವರ್ ಕೇಳಿದಾಗ ಅದು ತೋರಿಸಬೇಕಾದದ್ದು. ಅದನ್ನು ಪಡೆಯಲು ಅರ್ಜಿ, ಡಬ್ಬಿಯ ನಂಬರು, ಹೊಲದ ಉತಾರಿಯ, ಅಂದರೆ ಪಹಣಿಯ, ಫೋಟೋ ಎಲ್ಲವನ್ನೂ ನಮ್ಮ ಆಫೀಸಿಗೆ ಕಳಿಸಬೇಕು. ನಾಲ್ಕು ದಿನಕ್ಕೆ ಫೈಲು ಬರುತ್ತದೆ. ಮತ್ತೆ ಅದೇ ಹೊಲಕ್ಕೆ ಹೋಗಿ ವೈರು ಚುಚ್ಚಿ ಅದನ್ನು ಡಬ್ಬಿಯೊಳಗೆ ಹಾಕಬೇಕು. ವರ್ಷಕ್ಕೊಮ್ಮೆ ಅವಧಿ ಮುಗಿಯುತ್ತದೆ, ಮತ್ತೆ ಅರ್ಜಿ. ಬರಬರುತ್ತ ನನಗೆ ಡಬ್ಬಿ ಕಂಡರೇ ಬೇಸರ ಬರುತ್ತಿತ್ತು.

ತಿಕೋಟಾ ಹತ್ತಿರ ಒಬ್ಬ ಹೆಣ್ಣುಮಗಳ ಪಡವಿತ್ತು. ಗಂಡ ತೀರಿಕೊಂಡಿದ್ದ. ಪಕ್ಕದ ಪಡ ಭಾವನದು, ಗಂಡನ ಅಣ್ಣನದು; ಬಾವಿ ಇಬ್ಬರಿಗೂ ಒಂದೇ. ಹೊಲವನ್ನು ಬದು ಹಾಕಿ ಹಂಚಿಕೊಂಡಿದ್ದರೂ ಕಾಗದದಲ್ಲಿ ಹಂಚಿರಲಿಲ್ಲ. ಹೀಗಾಗಿ ಎರಡು ಡಬ್ಬಿಗೆ ಅರ್ಜಿ ಹಾಕಿದರೆ ಆಫೀಸು ಒಂದೇ ಸರ್ಟಿಫಿಕೇಟು ಕಳಿಸಿತು. ಒಂದು ಉತಾರಿಗೆ ಒಂದೇ, ಇನ್ನೊಂದು ಬೇಕಾದರೆ ಪಾಲಿನ ವಾಟ್ನಿ ಮಾಡಿಸಿ ಬೇರೆ ಉತಾರಿ ತರಲಿ ಎಂದಿತು. ಆ ಹೆಣ್ಣುಮಗಳಿಗೆ ಹೇಳಿದರೆ ನಕ್ಕರು.

"ಕಾಗದದಾಗ ಯಾಕ ಹರೀಬೇಕ್ರಿ? ನಮ್ಮ ಭಾವಾರು ಒಂದ್ ದಿನಾನೂ ನೀರಿನ ಪಾಳಿ ತಪ್ಪಿಸಿಲ್ಲ."

ಮತ್ತೆ ಆಫೀಸಿನ ಜೊತೆ ಗುದ್ದಾಡುವ ತ್ರಾಣ ನನಗಿರಲಿಲ್ಲ. ಒಂದೇ ಮನೆ, ಒಂದೇ ಬಾವಿ, ಏನಾದೀತು ಎಂದುಕೊಂಡು ಅದೇ ಫೈಲನ್ನು ಎರಡೂ ಡಬ್ಬಿಗೆ ಹಾಕಿ ಬಂದೆ. ಮಾಡಬಾರದು ಎಂದು ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಕೆಲವು ತಿಂಗಳು ಏನೂ ಆಗಲಿಲ್ಲ. ಎರಡೂ ಪಡಕ್ಕೆ ದಿನಾ ನೀರು ಬೇಕಿದ್ದ ಕಾಲ, ಯಾವ ವಾಲ್ವ್ ಯಾವಾಗ ತೆರೆಯಿತೆಂದು ಯಾರೂ ನೋಡಲಿಲ್ಲ. ಆ ಹೆಣ್ಣುಮಗಳ ಪಡದ ಹಣ್ಣು ಮೊದಲು ಮಾಗಿತು. ಕಟಾವಿಗೆ ವಾರವಿದೆ, ಸಿಹಿ ಏರಲಿ ಎಂದು ನೀರು ನಿಲ್ಲಿಸಿ, ಒಂದು ದಿನದ ಮಟ್ಟಿಗೆ ಸಾರವಾಡದ ಮದುವೆಗೆ ಹೋದರು. ಅವತ್ತು ಭಾವ ವಿಜಯಪುರದ ಆಸ್ಪತ್ರೆಯಲ್ಲಿ ತಮ್ಮ ಪಾಳಿ ಕಾಯುತ್ತ ಕೂತು, ತಮ್ಮ ಪಡಕ್ಕೆಂದು ಫೋನಿನಲ್ಲಿ ನೀರು ಬಿಟ್ಟರು. ಒಂದೇ ಗುರುತಿನ ಎರಡು ಡಬ್ಬಿ. ಸರ್ವರ್‌ಗೆ ಸಿಕ್ಕಿದ್ದು ತಮ್ಮನ ಹೆಂಡತಿಯ ಪಡದ್ದು. ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಹರಿದು, ಮೂರು ದಿನದಲ್ಲಿ ಅವರ ಮಾಗಿದ ಹಣ್ಣು ನೀರುಂಡು ಉಬ್ಬಿ ಗೊಂಚಲಲ್ಲೇ ಬಿರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಭಾವನ ಫೋನಿನಲ್ಲಿ ನೀರು ಬಿಟ್ಟ ಗುರುತಿತ್ತು. ಬೇಕೆಂದೇ ಮಾಡಿದರು ಎಂದು ಊರೆಲ್ಲ ಆಡಿಕೊಂಡಿತು. ಅವರಿಬ್ಬರಿಗೂ ಮಾತು ನಿಂತಿತು. ನನ್ನನ್ನು ಕೇಳಿದಾಗ ನೆಟ್‌ವರ್ಕ್ ದೋಷವಿರಬಹುದು ಎಂದೆ. ಆಮೇಲೆ ತಿಕೋಟಾ ಕಡೆ ಹೋದಾಗಲೆಲ್ಲ ಆ ದಾರಿ ಬಿಟ್ಟು ಸುತ್ತು ಹಾಕುತ್ತಿದ್ದೆ. ನಾಚಿಕೆಯಾಗುತ್ತಿತ್ತು, ಅದನ್ನು ಹೇಳುವ ಧೈರ್ಯವಿರಲಿಲ್ಲ.

ಈ ವರ್ಷ ಕಂಪನಿ ಪದ್ಧತಿ ಬದಲಿಸಿತು. ಹೊಸ ಡಬ್ಬಿಗೆ ಕರೆಂಟು ಕೊಟ್ಟರೆ ಸಾಕು, ತನ್ನ ಸರ್ಟಿಫಿಕೇಟನ್ನು ತಾನೇ ಕೇಳಿ ಪಡೆಯುತ್ತದೆ, ಅವಧಿ ಮುಗಿದರೆ ತಾನೇ ನವೀಕರಿಸಿಕೊಳ್ಳುತ್ತದೆ. ಐದು ನಿಮಿಷದ ಕೆಲಸ. ಹಳೆಯ ಡಬ್ಬಿ ಬದಲಿಸುವ ಪಟ್ಟಿಯಲ್ಲಿ ಆ ಹೆಣ್ಣುಮಗಳ ಪಡವೂ ಇತ್ತು. ಹೋಗಲೇಬೇಕಾಯಿತು.

ಬದುವಿನ ಜಾಗದಲ್ಲಿ ಈಗ ಆಳೆತ್ತರದ ತಂತಿಬೇಲಿ ಇತ್ತು. ನಾನು ಡಬ್ಬಿ ಬಿಚ್ಚುವಷ್ಟರಲ್ಲಿ ಅವರು ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟರು. ವಾಟ್ನಿ ಆದ ಮೇಲಿನ ಉತಾರಿ, ಅವರೊಬ್ಬರ ಹೆಸರಿನದು.

"ಆಗ ಕೇಳಿದ್ರಲ್ರಿ. ಈಗ ಬ್ಯಾರೆ ಬ್ಯಾರೆ ಆಗ್ಯಾವ. ನಿಮ್ಮ ಆಫೀಸಿಗಿ ಅನುಕೂಲ ಆತು."

ಹೊಸದಕ್ಕೆ ಉತಾರಿ ಬೇಕಾಗಿಲ್ಲ ಎಂದೆ. ಅಷ್ಟು ಹೇಳಿದ ಮೇಲೆ ಉಳಿದದ್ದನ್ನು ತಡೆಯಲಾಗಲಿಲ್ಲ. ಒಂದೇ ಫೈಲನ್ನು ಎರಡಕ್ಕೂ ಹಾಕಿದ್ದು ನಾನು, ತಪ್ಪು ನನ್ನದು ಎಂದು ನೆಲ ನೋಡುತ್ತ ಹೇಳಿ ಮುಗಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಹಂಗಾರ ಭಾವಾರು ಒತ್ತಿದ್ದು ತಮ್ಮ ಪಡಕ್ಕನ ಏನ್ರಿ?"

ಹೌದೆಂದೆ. ಅವರು ಬೇಲಿಯಾಚೆ ನೋಡಿದರು. ಆಮೇಲೆ ಉತಾರಿಯನ್ನು ಮೊದಲಿನ ಮಡಿಕೆಗೇ ಮಡಚುತ್ತ ಕೇಳಿದರು.

"ಇದನ್ನ ಮತ್ತ ಒಂದು ಮಾಡಾಕ ಬರತೈತೇನ್ರಿ?"

ಡಬ್ಬಿಯ ಹಸಿರು ದೀಪ ಹತ್ತಿತು. ನಾಲ್ಕು ದಿನದ ಕೆಲಸ ಐದು ನಿಮಿಷದಲ್ಲಿ ಮುಗಿದಿತ್ತು. ಅವರು ಕೇಳಿದ್ದಕ್ಕೆ ಯಾವ ಆಫೀಸಿಗೆ ಅರ್ಜಿ ಹಾಕಬೇಕು ಎಂದು ನನಗೆ ಗೊತ್ತಿರಲಿಲ್ಲ.