ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು

ಆ ಪಿನ್ನು ನನ್ನದು. ನನ್ನ ಬಲಗೈಯ ಬಳೆಯಿಂದ ಬಿಚ್ಚಿ, ನನ್ನ ಕೈಯಾರೆ ನನ್ನ ಕೂಸಿನ ಲಂಗೋಟಿಗೆ ಹಾಕಿದವಳು ನಾನೇ. ನಮ್ಮತ್ತೆಯಲ್ಲ. ಇಷ್ಟೇ ಮಾತು — ಇದನ್ನು ಹೇಳಲಿಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಹೇಳುವ ಹೊತ್ತಿಗೆ ಅದರಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಕೇಳಿದರೆ... ಅದನ್ನೂ ಹೇಳುತ್ತೇನೆ.

ನಾನು ಬೈಲಹೊಂಗಲದ ಬಳೆ ಅಂಗಡಿಯವರ ಮಗಳು. ಬಳೆಯ ಜೊತೆಗೆ ಹಣೆಗಿಡುವ ಟಿಕಳಿ, ರಿಬ್ಬನ್ನು, ಸೂಜಿ, ದಾರ, ಪಿನ್ನು ಎಲ್ಲವೂ ನಮ್ಮಲ್ಲಿ ಸಿಗುತ್ತಿದ್ದವು. ಶಾಲೆಯಿಂದ ಬಂದವಳೇ ಅಪ್ಪನ ಪಕ್ಕದಲ್ಲಿ ಕೂತು ಪಿನ್ನಿನ ಗೊಂಚಲು ಬಿಡಿಸುವುದು ನನ್ನ ಕೆಲಸ. ಒಳ್ಳೆಯ ಪಿನ್ನನ್ನು ನಾನು ಕಿವಿಯಿಂದಲೇ ಗುರುತಿಸುತ್ತಿದ್ದೆ. ಮುಚ್ಚಿದಾಗ ಟಕ್ ಎನ್ನಬೇಕು. ಸದ್ದಿಲ್ಲದೆ ಮುಚ್ಚಿಕೊಳ್ಳುವ ಪಿನ್ನು ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಸೀರೆಯ ನೆರಿಗೆಗೆ ಸಣ್ಣದು ಸಾಕು, ಆದರೆ ಕೂಸಿನ ಬಟ್ಟೆಗೆ ಹಿತ್ತಾಳೆಯದೇ ಬೇಕು, ದಪ್ಪದ್ದು, ತಲೆ ದೊಡ್ಡದು, ಮೊನೆ ಬಟ್ಟೆಯ ಎಳೆ ಹರಿಯದೆ ಒಳಗೆ ಹೋಗುವಂಥದ್ದು. ಗಿರಾಕಿ ಹೆಂಗಸರು ಅಪ್ಪನನ್ನು ಬಿಟ್ಟು ನನ್ನನ್ನೇ ಕೇಳುತ್ತಿದ್ದರು. ಅದರಿಂದ ನನಗೆ ಸಣ್ಣದೊಂದು ಜಂಬ ಬಂತು. ಸಣ್ಣದು ಎಂದು ಈಗಲೂ ಹೇಳುತ್ತಿದ್ದೇನೆ ನೋಡಿ, ಅಷ್ಟೇನೂ ಸಣ್ಣದಾಗಿರಲಿಲ್ಲ.

ಮದುವೆಯಾಗಿ ರಾಮದುರ್ಗಕ್ಕೆ ಬಂದೆ. ನನ್ನ ಗಂಡನದು ಸೈಕಲ್ ಅಂಗಡಿ. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಅತ್ತೆ ಗಂಗವ್ವ, ಮದುವೆಗೆ ಬಂದ ನಾದಿನಿ ಶೈಲಾ. ಅತ್ತೆಯ ಕಣ್ಣಿಗೆ ದಪ್ಪ ಗಾಜಿನ ಕನ್ನಡಕ. ಮಾತು ಕಡಿಮೆ, ಕೆಲಸ ಜಾಸ್ತಿ. ನನ್ನ ತೊಂಬತ್ತರ ದಶಕವೆಲ್ಲ ಆ ಮನೆಯ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ, ತೆಗೆಯುತ್ತ ಕಳೆಯಿತು ಎಂದರೂ ತಪ್ಪಿಲ್ಲ.

ತವರಿನಲ್ಲಿ ಬಾಣಂತನ ಮುಗಿಸಿ, ಮಗಳು ಸವಿತಾಳನ್ನು ತೊಟ್ಟಿಲ ಸಮೇತ ಕರೆದುಕೊಂಡು ಬಂದಾಗ ಎರಡು ಡಬ್ಬಿ ತಂದಿದ್ದೆ. ಒಂದರಲ್ಲಿ ಕೂಸಿನ ಪಿನ್ನು, ಹಿತ್ತಾಳೆಯವು, ಒಂದೊಂದನ್ನೂ ತೆಗೆದು ಮುಚ್ಚಿ ಆರಿಸಿದವು. ಇನ್ನೊಂದರಲ್ಲಿ ತೆಳ್ಳಗಿನ ಕಬ್ಬಿಣದ ಪಿನ್ನು, ಒಣಗಹಾಕಿದ ಬಟ್ಟೆ ಗಾಳಿಗೆ ಹಾರಿಹೋಗದಂತೆ ಹಗ್ಗಕ್ಕೆ ಸಿಕ್ಕಿಸಲು. ಒದ್ದೆ ಬಟ್ಟೆಯ ಸಹವಾಸದಿಂದ, ಒಗೆಯುವ ಸೋಡಾದ ನೀರಿನಿಂದ ಅವುಗಳ ಸುರುಳಿಗೆ ಬೇಗ ಜಂಗು ಹತ್ತುತ್ತಿತ್ತು, ತುಕ್ಕು ಹಿಡಿದು ಬಿಗಿ ಹೋಗುತ್ತಿತ್ತು. ಅದಕ್ಕೇ ಮನೆಗೆ ಬಂದ ಮೊದಲ ವಾರವೇ ನಾನು ಕಾನೂನು ಮಾಡಿದೆ: ಈ ಡಬ್ಬಿಯದು ಆ ಡಬ್ಬಿಗೆ ಹೋಗಕೂಡದು. ಸೊಸೆ ಅತ್ತೆಗೆ ಕಾನೂನು ಮಾಡುವುದೆಂದರೆ! ಅವರು ನಕ್ಕು ಹೂಂ ಎಂದರು.

ಅತ್ತೆ ತಮ್ಮ ಹಳೆಯ ನೂಲಿನ ಸೀರೆಗಳನ್ನು ಹರಿದು ಲಂಗೋಟಿ ಮಾಡುತ್ತಿದ್ದರು. ಹೊಸ ಬಟ್ಟೆ ಕೂಸಿನ ಮೈಗೆ ಒರಟು. ಅಜ್ಜಿ ಉಟ್ಟು ಉಟ್ಟು ಮೆತ್ತಗಾದದ್ದೇ ಆಗಬೇಕು. ಮೂರು ಮೂಲೆ ಬರುವಂತೆ ಮಡಿಸಿ, ಪಿನ್ನನ್ನು ಒಮ್ಮೆ ತಲೆಗೂದಲಿನಲ್ಲಿ ಆಡಿಸಿ ಎಣ್ಣೆ ಹಚ್ಚಿಕೊಂಡು, ಎಡಗೈಯ ಎರಡು ಬೆರಳನ್ನು ಬಟ್ಟೆಗೂ ಕೂಸಿನ ಹೊಟ್ಟೆಗೂ ನಡುವೆ ತೂರಿಸಿ ಆಮೇಲೆ ಚುಚ್ಚುತ್ತಿದ್ದರು. ಕಣ್ಣು ಮಂದವಾದ್ದರಿಂದ ಎಷ್ಟೋ ಸಲ ಮೊನೆ ಆ ಬೆರಳಿಗೇ ತಾಗುತ್ತಿತ್ತು. ನಾನು ಒಮ್ಮೆ ನಕ್ಕಿದ್ದೆ.

“ನಗು ನಗು. ನನ್ನ ಬೆರಳಿಗೆ ಚುಚ್ಚಲಿ ಬಿಡವಾ, ಕೂಸಿಗೆ ಚುಚ್ಚಬಾರದು,” ಎಂದಿದ್ದರು.

ಆದರೆ ಡಬ್ಬಿಗಳನ್ನು ಅವರು ಕಲಸುತ್ತಿದ್ದುದು ನಿಜ. ಕೈಗೆ ಸಿಕ್ಕದ್ದನ್ನು ಎತ್ತಿ ಯಾವುದೋ ಒಂದಕ್ಕೆ ಹಾಕಿಬಿಡುತ್ತಿದ್ದರು. ನಾನು ಮತ್ತೆ ಆರಿಸುವುದು, ಆರಿಸುತ್ತ ಗಂಡನ ಕಿವಿಗೆ ಬೀಳುವಂತೆ ಗೊಣಗುವುದು — “ಅತ್ತ್ಯಾರಿಗೆ ಎಷ್ಟ ಹೇಳಿದ್ರೂ ಅಷ್ಟ.” ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸುಳ್ಳು ಒಂದೇ ದಿನದಲ್ಲಿ ಹುಟ್ಟಲಿಲ್ಲ. ಅದು ಕೂರಲಿಕ್ಕೆ ಜಾಗವನ್ನು ನಾನೇ ದಿನದಿನವೂ ಸಾರಿಸಿ ಇಟ್ಟಿದ್ದೆ.

ಅವತ್ತು ಆಷಾಢದ ಗಾಳಿ. ಮಧ್ಯಾಹ್ನ ಒಮ್ಮೆಲೇ ಹನಿ ಬಿತ್ತು. ಮಾಳಿಗೆಗೆ ಓಡಿ ಬಟ್ಟೆ ಎಳೆದೆ. ಬಿಚ್ಚಿದ ಪಿನ್ನುಗಳನ್ನು ಎಲ್ಲ ಹೆಂಗಸರೂ ಮಾಡುವಂತೆ ಬಳೆಗೆ ಸಿಕ್ಕಿಸಿಕೊಂಡೆ. ಹೆಗಲ ತುಂಬ ಬಟ್ಟೆ ಹೊತ್ತು ಕೆಳಗೆ ಬಂದರೆ, ಕೂಸು ಚಾಪೆಯ ಮೇಲೆ ಒದ್ದೆ ಮಾಡಿಕೊಂಡು ಕಾಲು ಬಡಿಯುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುವ ಸದ್ದು. ನನಗೆ ಗಿರಣಿಗೆ ಹೋಗುವ ಅವಸರ — ಕರೆಂಟು ಹೋಗುವುದರೊಳಗೆ ಜೋಳ ಬೀಸಿಸಿಕೊಂಡು ಬರಬೇಕು. ಹಿತ್ತಾಳೆ ಪಿನ್ನಿನ ಡಬ್ಬಿ ಒಳಕೋಣೆಯ ಗೂಡಿನಲ್ಲಿತ್ತು. ದೂರವೇನಲ್ಲ. ಎದ್ದು ಹೋಗಿ ತರಬಹುದಿತ್ತು.

ತರಲಿಲ್ಲ. ಬಳೆಯಿಂದ ಒಂದನ್ನು ಬಿಚ್ಚಿ ಹಾಕಿಬಿಟ್ಟೆ. ಎರಡು ಬೆರಳು ನಡುವೆ ಇಡಲಿಲ್ಲ — ನನಗೆ ಅದೆಲ್ಲ ಬೇಕಿಲ್ಲವಲ್ಲ, ನಾನು ಬಳೆ ಅಂಗಡಿಯವಳು. ಮುಚ್ಚಿದಾಗ ಪಿನ್ನು ಟಕ್ ಎನ್ನಲಿಲ್ಲ. ಅದು ನನಗೆ ಕೇಳಿಸಿತು. ಅಂದರೆ, ಕೇಳಿಸದೆ ಇದ್ದದ್ದು ಗೊತ್ತಾಯಿತು. ಬಂದು ಬದಲಿಸಿದರಾಯಿತು ಎಂದುಕೊಂಡು, ಕೂಸನ್ನು ತೊಟ್ಟಿಲಿಗೆ ಹಾಕಿ, ಜೋಳದ ಡಬ್ಬಿ ಹೊತ್ತು ಹೊರಟೆ.

ಗಿರಣಿಯಲ್ಲಿ ಕರೆಂಟು ಹೋಗಿಯೇ ಹೋಗಿತ್ತು. ಅಲ್ಲಿ ಕೂತವರೊಂದಿಗೆ ಮಾತಿಗೆ ಕೂತೆ. ಪಿನ್ನು ಮರೆತೇ ಹೋಯಿತು.

ನಾನು ವಾಪಸು ಬರುವುದಕ್ಕೂ ನನ್ನ ಗಂಡ ಅಂಗಡಿಯಿಂದ ಬರುವುದಕ್ಕೂ ಸರಿಹೋಯಿತು. ಬೀದಿಗೇ ಕೂಸಿನ ಅಳು ಕೇಳುತ್ತಿತ್ತು. ಅತ್ತೆ ಕೂಸನ್ನು ಎದೆಗೆ ಒತ್ತಿ ಹಿಡಿದುಕೊಂಡು ಪಡಸಾಲೆಯಲ್ಲಿ ತಿರುಗಾಡುತ್ತಿದ್ದರು. ಹೊಟ್ಟೆ ನೋವಿರಬೇಕೆಂದು ಅಜವಾನದ ನೀರು ಕುಡಿಸಿದ್ದರು, ದೃಷ್ಟಿ ತೆಗೆದಿದ್ದರು. ಅಳು ಹೆಚ್ಚಾದಷ್ಟೂ ಬಿಗಿಯಾಗಿ ಅಪ್ಪಿಕೊಂಡಿದ್ದರು. ಅಪ್ಪಿಕೊಂಡಷ್ಟೂ ಅದು ಇನ್ನೂ ಒಳಗೆ... ಇದನ್ನು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ.

ಗಂಡ ಕೂಸನ್ನು ಇಸಿದುಕೊಂಡು ಲಂಗೋಟಿ ಬಿಚ್ಚಿದರು. ಪಿನ್ನು ಬಾಯಿ ತೆರೆದು ತೊಡೆಯ ಸಂದಿಯಲ್ಲಿ ನೆಟ್ಟಿತ್ತು. ಸುತ್ತಲೂ ಕೆಂಪಗೆ ಬಾತಿತ್ತು. ಪಿನ್ನು ಜಂಗು ಹಿಡಿದದ್ದು, ಕಬ್ಬಿಣದ್ದು — ಯಾವ ಡಬ್ಬಿಯದೆಂದು ಎಲ್ಲರಿಗೂ ಗೊತ್ತಾಗುವಂಥದ್ದು.

“ಯಾರ ಕಟ್ಟಿದ್ರು ಇದನ್ನ?” ಎಂದರು ಗಂಡ.

ನಾನು ಎಂದು ಹೇಳಲು ಬಾಯಿ ತೆರೆದೆ. ಪಿನ್ನಿನ ವಿಷಯದಲ್ಲಿ ಇಡೀ ಓಣಿಗೆ ಪಾಠ ಹೇಳಿದವಳು ನಾನು. ಬಾಯಿಂದ ಬಂದದ್ದು ಬೇರೆ. ಅತ್ತೆಯ ಕಡೆ ತಿರುಗಿ ಕೇಳಿದೆ:

“ನೀವ ಕಟ್ಟಿದ್ರಲ್ಲರಿ ಅತ್ತಿ?”

ನೋಡಿ, ಅದು ಸುಳ್ಳು ಕೂಡ ಅಲ್ಲ. ಬರೀ ಪ್ರಶ್ನೆ. ಬೆಳಿಗ್ಗೆ ಕೂಸಿಗೆ ನೀರೆರೆದ ಮೇಲೆ ಕಟ್ಟಿದವರು ಅವರೇ ಆಗಿದ್ದರು. ಮಧ್ಯಾಹ್ನ ನಾನು ಬದಲಿಸಿದ್ದನ್ನು ರೊಟ್ಟಿಯ ಒಲೆಯ ಮುಂದಿದ್ದ ಅವರು ನೋಡಿರಲಿಲ್ಲ. ಹಾಗೆಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಆದರೆ ಸುಳ್ಳು ಹೇಳಿದ್ದರೆ ಅವರು ಅಲ್ಲಗಳೆಯಬಹುದಿತ್ತು. ಪ್ರಶ್ನೆ ಕೇಳಿದ್ದರಿಂದ ಅವರು ತಮ್ಮ ನೆನಪನ್ನೇ ತಡಕಾಡತೊಡಗಿದರು.

“ನಾನ ಕಟ್ಟಿದ್ನಿ... ಹಿತ್ತಾಳಿದ ಅಂತ ಮಾಡಿದ್ನೆಲ್ಲ,” ಎಂದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಪಿನ್ನನ್ನು ಹತ್ತಿರ ಹಿಡಿದು ನೋಡಿದರು. “ನನಗ ಕಂಡಿಲ್ಲ ತಮ್ಮಾ. ನಂದ ತಪ್ಪ ಆತು.”

ತಪ್ಪು ಒಪ್ಪಿಕೊಂಡದ್ದು ಅವರು. ಪಕ್ಕದಲ್ಲಿ ನಾನು ನಿಂತಿದ್ದೆ. ನನ್ನ ಬಳೆಯಲ್ಲಿ ಅದೇ ಜಾತಿಯ ಉಳಿದ ಪಿನ್ನುಗಳು ಇನ್ನೂ ಜೋತಾಡುತ್ತಿದ್ದವು. ಯಾರೂ ಅತ್ತ ನೋಡಲಿಲ್ಲ. ನಾನು ಸೆರಗನ್ನು ಕೈಮೇಲೆ ಎಳೆದುಕೊಂಡೆ.

ಗಾಯ ಕೀವು ಕಟ್ಟಿತು, ಜ್ವರ ಬಂತು. ಡಾಕ್ಟರು ಕೊಯ್ದು ಪಟ್ಟಿ ಕಟ್ಟಿದರು. ಹುಡುಗಿ ಗುಣವಾದಳು, ತೊಡೆಯ ಸಂದಿಯಲ್ಲಿ ಜೋಳದ ಕಾಳಿನಷ್ಟು ಕಲೆ ಉಳಿಯಿತು, ಅಷ್ಟೆ. ಅವಳಿಗೆ ಅದರ ನೆನಪೂ ಇಲ್ಲ. ಗುಣವಾಗದೆ ಉಳಿದದ್ದು ಬೇರೆ.

ಡಾಕ್ಟರ ಕಡೆಯಿಂದ ಬಂದ ದಿನ ನನ್ನ ಗಂಡ ಮೆಲ್ಲಗೆ, ಸಿಟ್ಟಿಲ್ಲದೆಯೇ ಹೇಳಿದ್ದರು: “ಅವ್ವಾ, ನಿನಗ ಕಣ್ಣ ಸಾಲೂದಿಲ್ಲ. ಇನ್ನಮ್ಯಾಲ ಲಂಗೋಟಿ ಕಟ್ಟೂದು ಬ್ಯಾಡ.” ಅತ್ತೆ ತಲೆಯಾಡಿಸಿದರು. ಅವತ್ತಿನಿಂದ ಅವರು ಕಟ್ಟಲಿಲ್ಲ. ಸೀರೆ ಹರಿಯುವುದನ್ನು ಬಿಡಲಿಲ್ಲ, ತೊಳೆಯುವುದನ್ನು ಬಿಡಲಿಲ್ಲ. ಮೂರು ಮೂಲೆ ಮಡಿಸಿ, ಕೂಸನ್ನು ಅದರ ಮೇಲೆ ಮಲಗಿಸಿ, ಎರಡೂ ಕೈ ಹಿಂದಕ್ಕೆ ತೆಗೆದುಕೊಂಡು ಕರೆಯುತ್ತಿದ್ದರು — “ಕಸ್ತೂರಿ, ಬಾರವಾ, ಪಿನ್ನ ಹಾಕ ಬಾ.” ನಾನು ಎಲ್ಲಿದ್ದರೂ ಬರಬೇಕಿತ್ತು. ಬರುತ್ತಿದ್ದೆ. ನನ್ನ ಮಗ ಹುಟ್ಟಿದಾಗಲೂ ಹಾಗೆಯೇ.

ಶೈಲಾಳನ್ನು ಸವದತ್ತಿ ಹತ್ತಿರದ ಉಗರಗೋಳಕ್ಕೆ ಕೊಟ್ಟೆವು. ದೇವಿಯ ಗುಡ್ಡಕ್ಕೆ ಬರುವವರಿಗೆ ಕಾಯಿ, ಭಂಡಾರ ಮಾರುವ ಮನೆತನ. ಚೊಚ್ಚಲು ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಮಗಳ ಕೂಸು, ಮೊದಲ ಕೂಸು. ಎರೆದು ತಂದು ಮಲಗಿಸಿದಾಗ ಅವಳು ಅವ್ವನ ಕೈಗೆ ಪಿನ್ನು ಕೊಟ್ಟಳು.

“ಇವತ್ತೊಂದ ದಿನಾ ನೀ ಕಟ್ಟ ಬೇ.”

“ಬ್ಯಾಡ ಶೈಲಾ. ನಿಮ್ಮ ವೈನಿ ಕಟ್ತಾಳ. ನನ್ನ ಕೈದು ಭರೋಸಾ ಇಲ್ಲ.”

ನಾನು ಅಲ್ಲೇ ಇದ್ದೆ. ಆಗಲಾದರೂ ಹೇಳಬಹುದಿತ್ತು. ಮೊದಲ ಸಲ ಹೇಳದೆ ಇದ್ದದ್ದು ಹೆದರಿಕೆಯಿಂದ, ಜಂಬದಿಂದ. ಹುಡುಗಾಟಿಕೆ ಎಂದು ಯಾರಾದರೂ ಅಂದಾರು. ಎರಡನೆಯ ಸಲಕ್ಕೆ ಅಂಥ ಹೆಸರೂ ಇಲ್ಲ. ನಾನು ಎರಡು ಮಕ್ಕಳ ತಾಯಿ, ಮನೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಒಂದು ಮಾತು ಹೇಳಿದ್ದರೆ ಆ ಹೆಂಗಸು ತನ್ನ ಮಗಳ ಕೂಸಿಗೆ ಲಂಗೋಟಿ ಕಟ್ಟುತ್ತಿದ್ದಳು. ನಾನು ಕೈ ಚಾಚಿ ಪಿನ್ನು ಇಸಿದುಕೊಂಡೆ.

ಮತ್ತೆ ವರ್ಷಗಳು ಉರುಳಿದವು. ಶೈಲಾ ಎರಡನೆಯ ಕೂಸನ್ನು ಎತ್ತಿಕೊಂಡು ಬಂದಳು. ಈ ಸಲ ಚೀಲದ ತುಂಬ ಅಂಗಡಿಯ ಡೈಪರ್ ಪಾಕೀಟುಗಳು. ಎರಡು ಕಡೆ ಅಂಟಿಸಿದರೆ ಮುಗಿಯಿತು. ಅತ್ತೆ ಅಷ್ಟರಲ್ಲೇ ಒಂದು ಸೀರೆ ಹರಿದು, ಒಗೆದು, ಮಡಿಸಿ ಇಟ್ಟಿದ್ದರು. ಅದನ್ನು ಯಾರೂ ಕೇಳಲಿಲ್ಲ. ಅವರು ಡೈಪರೊಂದನ್ನು ಕೈಯಲ್ಲಿ ಹಿಡಿದು, ಸವರಿ ನೋಡಿ, ನನ್ನ ಕಡೆ ತಿರುಗಿ ಹೇಳಿದರು:

“ಇದಕ ಪಿನ್ನ ಬೇಕಾಗೂದಿಲ್ಲಂತ. ಛಲೋ ಆತು ನೋಡು. ನನ್ನಂಥಾಕಿ ಕೈಯಾಗ ಸಿಕ್ರೂ ಕೂಸಿಗೆ ಏನೂ ಆಗೂದಿಲ್ಲ.”

ಸಮಾಧಾನದಿಂದ ಹೇಳಿದರು. ಆ ಸಮಾಧಾನವನ್ನು ನನಗೆ ತಡೆಯಲಾಗಲಿಲ್ಲ.

“ಅತ್ತಿ, ಅವತ್ತಿನ ಪಿನ್ನ ನಂದ್ರಿ,” ಎಂದೆ. “ನೀವು ಕಟ್ಟಿರಲಿಲ್ರಿ. ನಾ ಬದಲ ಮಾಡಿದ್ನಿ. ಬಳ್ಯಾಗಿಂದು ತಗದು ಹಾಕಿ ಗಿರಣಿಗೆ ಹೋಗಿದ್ನಿ.”

ಯಾವ ಪಿನ್ನು ಎಂದು ಅವರು ಕೇಳಲಿಲ್ಲ. ಅಂದರೆ ಇಷ್ಟು ವರ್ಷವೂ ಅವರ ಮನಸ್ಸಿನಲ್ಲಿ ಇದ್ದದ್ದು ಅದೊಂದೇ ಪಿನ್ನು. ಡೈಪರನ್ನು ಕೆಳಗಿಟ್ಟರು.

“ಹಂಗಾರ ನಾ ಹಾಕಿದ್ದು ಹಿತ್ತಾಳಿದ?”

“ಹೌದ್ರಿ.”

“ನನ್ನ ಕೈ ಸರಿ ಇದ್ದೂ?”

“ಇದ್ದೂರಿ ಅತ್ತಿ.”

ಬೈಯಲಿಲ್ಲ. ಅಳಲೂ ಇಲ್ಲ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತ ಕೂತರು. ಸಂಜೆ ಊಟಕ್ಕೆ ಕೂತಾಗ ಗಂಡನ ಮುಂದೆ, ಶೈಲಾಳ ಮುಂದೆ ಅದನ್ನೇ ಇನ್ನೊಮ್ಮೆ ಹೇಳಿದೆ. ಶೈಲಾ ತಟ್ಟೆ ಬಿಟ್ಟು ಎದ್ದುಹೋದಳು. ಗಂಡ ನನ್ನ ಮುಖ ನೋಡಲಿಲ್ಲ. ಕೈ ತೊಳೆದು ಹೋಗಿ ಅವ್ವನ ಪಕ್ಕದಲ್ಲಿ ಕೂತರು. ನನಗೆ ಸಲ್ಲಬೇಕಾದದ್ದಕ್ಕಿಂತ ಅದು ಕಡಿಮೆಯೇ.

ಮರುದಿನ ಕೂಸಿಗೆ ಎರೆದಾದ ಮೇಲೆ ಅತ್ತೆ ಕೇಳಿದರು, “ಕಸ್ತೂರಿ, ಹಿತ್ತಾಳಿ ಪಿನ್ನ ಅದಾವ ಏನ?”

ಗೂಡಿನಿಂದ ಡಬ್ಬಿ ತಂದೆ. ಒಂದನ್ನು ಆರಿಸಿ, ತೆಗೆದು ಮುಚ್ಚಿದೆ. ಇನ್ನೂ ಟಕ್ ಎಂದಿತು. ಶೈಲಾ ಡೈಪರು ಪಕ್ಕಕ್ಕಿಟ್ಟು ಕೂಸನ್ನು ಅವ್ವನ ಮುಂದೆ ಮಲಗಿಸಿದಳು. ಅತ್ತೆ ಮಡಿಸಿಟ್ಟ ಲಂಗೋಟಿ ಹಾಸಿದರು. ಪಿನ್ನನ್ನು ಬೆಳ್ಳಗಿನ ಕೂದಲಿನಲ್ಲಿ ಆಡಿಸಿದರು. ಎರಡು ಬೆರಳು ಒಳಗೆ ತೂರಿಸಿದರು. ಬಲಗೈಗೆ ಮೊದಲಿನ ಹಿಡಿತ ಇರಲಿಲ್ಲ. ಮೊನೆ ಬಟ್ಟೆಯ ಮೇಲೆ ಅಲ್ಲಿ ಇಲ್ಲಿ ಅಲೆಯಿತು. ಒಮ್ಮೆ ಚುಚ್ಚಿದರು, ಬೆರಳಿಗೆ ತಾಗಿತು. ಇನ್ನೊಮ್ಮೆ, ಮತ್ತೂ ಒಮ್ಮೆ. ಹಳೆಯ ಸೀರೆಯ ಮೇಲೆ ರಕ್ತದ ಸಣ್ಣ ಕಲೆ ಕಂಡಿತು. ಕೂಸು ಅಳಲಿಲ್ಲ, ಅದಕ್ಕೆ ಏನೂ ತಾಗಿರಲಿಲ್ಲ.

ಅತ್ತೆ ಪಿನ್ನನ್ನು ನನ್ನ ಕಡೆ ಚಾಚಿದರು.

“ತಗೋವಾ, ನೀನ ಹಾಕು. ಆವಾಗಾದ್ರ ಹಾಕತಿದ್ನಿ.”

ನಾನು ಇಸಿದುಕೊಂಡೆ. ಎರಡು ಬೆರಳು ಒಳಗೆ ಇಟ್ಟು, ಪಿನ್ನು ಹಾಕಿದೆ.