ಓರಗಿತ್ತಿ ಕಲಿತ ಜರ್ಮನ್

ಒಲೆ ಊದುವವಳಂತೆ ತುಟಿ ಮುಂದೆ ಚಾಚಿ, ಗಂಟಲಿನಿಂದ ಮಾತ್ರ ‘ಈ’ ಎಂದು ಎಳೆಯುತ್ತಿದ್ದಳು. ಆ ಚಳಿಗಾಲವಿಡೀ ನನ್ನ ಓರಗಿತ್ತಿಯ ತುಟಿ ಒಡೆದೇ ಇತ್ತು. ಹಾಲು ಕರೆಯುವಾಗ ಬೆರಳಿಗೆ ಹಚ್ಚಿಕೊಂಡ ಬೆಣ್ಣೆಯನ್ನೇ ತುಟಿಗೂ ಸವರಿಕೊಂಡು ಮತ್ತೆ ಶುರುಮಾಡುವಳು. ಕನ್ನಡದಲ್ಲಿಲ್ಲದ ಆ ಸ್ವರ ಜರ್ಮನ್ ಭಾಷೆಯಲ್ಲಿದೆಯಂತೆ.

ಅವಳ ಗಂಡ, ಎಂದರೆ ನನ್ನ ಮೈದುನ, ಮೈಸೂರಿನ ಹೋಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದವನು ಜರ್ಮನಿಯ ಇಂಡಿಯನ್ ಹೋಟೆಲಿಗೆ ಸೇರಿದ್ದ. ಹೆಂಡತಿ ಅಲ್ಲಿಗೆ ಹೋಗಬೇಕಾದರೆ ಮೊದಲು ಆ ಭಾಷೆಯ ಪರೀಕ್ಷೆ ಪಾಸಾಗಬೇಕು, ವೀಸಾಕ್ಕೆ ಅರ್ಜಿ ಆಮೇಲೆ. ನರಸೀಪುರದಿಂದ ಸೋಸಲೆ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಮನೆ. ಎಸ್ಸೆಸ್ಸೆಲ್ಸಿ ಓದಿದ್ದ ಅವಳು ಭಾನುವಾರ ಮೈಸೂರಿಗೆ ಹೋಗಿ ಕ್ಲಾಸು ಕೇಳಿಕೊಂಡು ಬರುವಳು, ವಾರವೆಲ್ಲ ಕೊಟ್ಟಿಗೆಯಲ್ಲಿ ಅಭ್ಯಾಸ.

ಏನೇ ಎದುರಾದರೂ ಅವಳದು ಒಂದೇ ಮಾತು: “ಆಗ್ಲಿ, ನೋಡ್ವ.” ನಂಜನಗೂಡಿನ ಶಾಲೆಗೆ ನಾನು ಬೆಳಗಿನ ಬಸ್ಸಿಗೇ ಹೊರಡಬೇಕು. ಬಾಣಂತನ ಮುಗಿದು ಮತ್ತೆ ಕೆಲಸಕ್ಕೆ ಹೋಗುವ ದಿನ, ಮಗುವನ್ನು ಯಾರ ಕೈಗೆ ಕೊಡಲಿ ಎಂದು ಅಳುತ್ತ ನಿಂತಿದ್ದೆ. ಆಗಲೂ ಅದನ್ನೇ ಅಂದು ಮಗುವನ್ನು ಎತ್ತಿಕೊಂಡಳು. ನನ್ನ ಮಗಳಿಗೆ ಅನ್ನ ಕಲಸಿ ತಿನ್ನಿಸಿದವಳು, ಜಡೆ ಹಾಕಿದವಳು ಅವಳೇ. ಅವಳಿಗೆ ಮಕ್ಕಳಿರಲಿಲ್ಲ. ವರ್ಷಕ್ಕೊಮ್ಮೆ ರಜೆಯ ಮೇಲೆ ಬರುವ ಗಂಡ ಇನ್ನೂ ಮಾತು ಮುಗಿಯುವ ಮುಂಚೆಯೇ ಪೆಟ್ಟಿಗೆ ಕಟ್ಟುತ್ತಿದ್ದ.

ಪರೀಕ್ಷೆಯಲ್ಲಿ ಮೊದಲ ಸಲ ಅವಳನ್ನು ಕೆಡವಿದ್ದು ಹಕಾರ. ನಮ್ಮ ಕಡೆ ಹಳ್ಳಿಯೇ ಅಳ್ಳಿ. ‘ಇಶ್ ಹೈಸೆ’ ಎಂದು ಹೆಸರು ಹೇಳಬೇಕಾದಲ್ಲಿ ಅವಳು ‘ಇಶ್ ಐಸೆ’ ಎಂದಿದ್ದಳಂತೆ. ಒಂದೆರಡು ಅಂಕದಲ್ಲಿ ಫೇಲು.

“ಉಟ್ದಾಗಿಂದ ಇಲ್ದಿದ್ ಅಕ್ಷರನ ಈಗೆಲ್ಲಿಂದ ತರ್ಲಿ ಅಕ್ಕ?” ಎಂದಳು. ಇಬ್ಬರೂ ನಕ್ಕೆವು. ಮಾರನೆಯ ದಿನದಿಂದ ಸಂಜೆ ಹೊತ್ತು ನಾನು ಹೇಳಿಕೊಡಲು ಕೂತೆ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಉಸಿರು ತಾಗುವವರೆಗೂ ಹಾಲು, ಹಸು, ಹುಲ್ಲು ಎಂದು ಹೇಳುವಳು. ಅತ್ತೆ ಜಗುಲಿಯಿಂದ, “ಇದ್ಯಾಕವ್ವ ಇಂಗೆ ಏದುಸ್ರು ಬುಡ್ತೀಯೆ?” ಎಂದು ಗಾಬರಿಯಾಗುತ್ತಿದ್ದರು.

ಎರಡನೆಯ ಸಲ ಪರೀಕ್ಷೆಗೆ ಬೆಂಗಳೂರಿಗೆ ನಾನೂ ಜೊತೆಗೆ ಹೋದೆ. ಹೊರಗೆ ಬಂದವಳ ಮುಖ ನೋಡಿ ಸೀದಾ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಬಸ್ಸು ಮದ್ದೂರು ದಾಟಿದ ಮೇಲೆ ತಾನೇ ಬಾಯಿಬಿಟ್ಟಳು.

“ಚೀಟಿ ಎತ್ತಿ ಒಬ್ರುನ್ನೊಬ್ರು ಪ್ರಶ್ನೆ ಕೇಳ್ಬೇಕಿತ್ತು. ಪಕ್ಕದ್ ಉಡ್ಗ ‘ಹಾಬನ್ ಜೀ ಕಿಂಡರ್’ ಅಂದ. ನಿಮ್ಗೆ ಮಕ್ಳವ್ರಾ ಅಂತ.”

“ಉತ್ತರ ಗೊತ್ತಿತ್ತಲ್ಲವೇ?”

“ಗೊತ್ತಿತ್ತು ಕಣಕ್ಕ. ನೈನ್, ಇಲ್ಲ ಅನ್ನೋದು ಒಂದೇ ಮಾತು. ಬಾಯಿಗ್ ಬರ್ನಿಲ್ಲ. ಅದಾದ್ಮ್ಯಾಕೆ ಬ್ಯಾರೇದೂ ಬರ್ನಿಲ್ಲ.”

ಅವಳ ಕೈ ಹಿಡಿದುಕೊಂಡೆ.

ಮೂರನೆಯ ಸಲ ಪಾಸಾದಳು. ಹಾಲಿನ ಡೇರಿಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದಳು. ವೀಸಾ ಕಚೇರಿಯಲ್ಲಿ ಅರ್ಜಿ ಕೊಡುವ ದಿನ ಸಿಗುವುದಕ್ಕೇ ತಿಂಗಳುಗಳು ಹಿಡಿದವು. ಸೂಟ್‌ಕೇಸು ತಂದು ಮಂಚದ ಕೆಳಗಿಟ್ಟುಕೊಂಡಳು. ಕೊನೆಗೆ ಬಂದದ್ದು ‘ಇಲ್ಲ’ ಎಂಬ ಉತ್ತರ. ಹೊರದೇಶದ ಅಡುಗೆಯವರಿಗೆ ಅಲ್ಲಿ ನಾಲ್ಕು ವರ್ಷಕ್ಕಿಂತ ಹೆಚ್ಚು ಇರಗೊಡುವುದಿಲ್ಲವಂತೆ. ಮೈದುನನಿಗೆ ಉಳಿದಿದ್ದುದು ಇನ್ನು ಕೆಲವೇ ವಾರ. ಈ ನಿಯಮ ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಯಾರಾದರೂ ಅವಧಿ ಮುಂದುವರಿಸಿಕೊಡುತ್ತಾರೆ ಎಂದು ನಂಬಿಕೊಂಡಿದ್ದ.

ಅವನು ಊರಿಗೆ ಬರಲಿಲ್ಲ. ಬರಿಗೈಲಿ ಬರಲು ಮನಸ್ಸಾಗದೆ, ಪರಿಚಯದವರ ಮಾತು ಕೇಳಿ ಪೋರ್ಚುಗಲ್‌ಗೆ ಹೋಗಿ, ಅಲ್ಲಿ ನೆಲೆಸಲು ಅರ್ಜಿ ಹಾಕಿದ. ಆ ಸುದ್ದಿ ಬಂದ ಸಂಜೆ ಅವಳು ಫೋನು ಕೆಳಗಿಟ್ಟು, “ಅಲ್ಲಿ ಬ್ಯಾರೆ ಭಾಷೆಯಂತೆ ಅಕ್ಕ,” ಎಂದಳು. ನಗಲು ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕಾದೆ. ‘ಆಗ್ಲಿ, ನೋಡ್ವ’ ಎಂಬ ಮಾತು ಅಂದು ಬರಲಿಲ್ಲ.

ಹೋದ ಮಳೆಗಾಲ ಅವಳಿಗೆ ಡೆಂಗ್ಯೂ ಬಂತು. ಮಾಮೂಲಿ ಜ್ವರವೆಂದು ಮಾತ್ರೆ ನುಂಗಿಕೊಂಡು ಹಾಲು ಕರೆಯುತ್ತಿದ್ದವಳು ಕೊಟ್ಟಿಗೆಯಲ್ಲೇ ಕುಸಿದಳು. ಮೈಸೂರಿನ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು, ಐಸಿಯುಗೆ ಹಾಕಿದರು. ಉಳಿಯಲಿಲ್ಲ.

ಮೈದುನನ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಆ ದೇಶ ಬಿಟ್ಟು ಬಂದರೆ ಮತ್ತೆ ಒಳಗೆ ಸೇರಿಸುವ ಭರವಸೆ ಇಲ್ಲ. “ಏನ್ ಮಾಡ್ಲಿ, ಏಳಿ ಅತ್ಗೆ,” ಎಂದು ಫೋನಿನಲ್ಲಿ ಅಳುತ್ತಲೇ ಇದ್ದ. ಅವನು ಬಂದು ಸೇರುವಷ್ಟರಲ್ಲಿ ಇಲ್ಲಿ ಎಲ್ಲ ಮುಗಿದಿರುತ್ತಿತ್ತು.

ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು. ನಾನು ಗುಂಡಿಯ ಅಂಚಿಗೆ ನಿಂತು ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದಿದ್ದೆ. “ಮೊಖ ತೋರ್ಸಿ ಅತ್ಗೆ, ಸರ್ಯಾಗ್ ಕಾಣ್ತಿಲ್ಲ,” ಎನ್ನುತ್ತಿದ್ದ. ತೋರಿಸಿದೆ. ಆಮೇಲೆ, “ನನ್ ಪಾಲಿನ್ ಮಣ್ಣ ನೀವೇ ಆಕ್ಬುಡಿ,” ಎಂದ.

ಒಂದು ಕೈಯಲ್ಲಿ ಫೋನು ಹಿಡಿದುಕೊಂಡೇ ಅವನ ಪಾಲಿನ ಮಣ್ಣು ಹಾಕಿದೆ. ನನ್ನ ಪಾಲಿನದಕ್ಕೆ ಬಗ್ಗಿ ಮಣ್ಣು ತೆಗೆದುಕೊಂಡೆ. ಕೈ ಬಿಚ್ಚಲಿಲ್ಲ. ಹಿಂದೆ ನಿಂತಿದ್ದ ಮಗಳು ಮುಂದೆ ಬಂದು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.